ಬರೀ ವಿಟಮಿನ್ ಅಲ್ವಾ ಅಂತ ನಿಲ್ಲಿಸುವ ಮುಂಚೆ

ನಾನು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಮಕ್ಕಳ ನ್ಯೂರಾಲಜಿ ವಿಭಾಗದ ಚೀಟಿಗಳೆಲ್ಲ ನಮ್ಮ ಕೌಂಟರಿಗೇ ಬರುತ್ತವೆ. ಮೈಟೋಕಾಂಡ್ರಿಯಾ ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗ. ಅದರ ಕಾಯಿಲೆ ಇರುವ ಮಗುವಿನ ಚೀಟಿ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕೋಕ್ಯೂ10, ರೈಬೋಫ್ಲೇವಿನ್, ಥಯಮಿನ್, ಬಯೋಟಿನ್, ಕಾರ್ನಿಟಿನ್, ಹೀಗೆ ವಿಟಮಿನ್ ಮತ್ತು ಅಂಥ ಪೂರಕಗಳ ಉದ್ದ ಪಟ್ಟಿ. ಡಾಕ್ಟರುಗಳು ಇದಕ್ಕೆ ಮೈಟೋ ಕಾಕ್‌ಟೇಲ್ ಅಂತಾರೆ. ಮನೆಯವರು ಶಕ್ತಿ ಮಾತ್ರೆ ಅಂತಾರೆ. ತೊಂದರೆ ಶುರುವಾಗುವುದು ಅಲ್ಲೇ.

ಜೀವಕೋಶದಲ್ಲಿ ಶಕ್ತಿ ತಯಾರಾಗಲು ಇವೆಲ್ಲ ಬೇಕು, ನಿಜ. ಆದರೆ ಜಾಸ್ತಿ ಕೊಟ್ಟರೆ ಕಾಯಿಲೆ ಹತೋಟಿಗೆ ಬರುತ್ತದಾ? ಹೆಚ್ಚಿನ ಮೈಟೋಕಾಂಡ್ರಿಯಾ ಕಾಯಿಲೆಗಳಲ್ಲಿ ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆಯೂ ಅದನ್ನೇ ಹೇಳಿತು. ಸುಸ್ತು ಸ್ವಲ್ಪ ಕಮ್ಮಿಯಾದೀತು ಅಂತ ಕೊಟ್ಟು ನೋಡುತ್ತಾರೆ, ಅಷ್ಟೇ.

ಕೆಲವು ಮಕ್ಕಳ ಲೆಕ್ಕ ಮಾತ್ರ ಬೇರೆ. ಎಸ್‌ಎಲ್‌ಸಿ19ಎ3 ಅನ್ನುವ ಜೀನ್‌ನಲ್ಲಿ ದೋಷವಿದ್ದರೆ ಥಯಮಿನ್ ಮಿದುಳಿಗೆ ಸರಿಯಾಗಿ ಸೇರುವುದಿಲ್ಲ. ಚೆನ್ನಾಗಿ ಆಡಿಕೊಂಡಿದ್ದ ಮಗು ಒಂದು ಜ್ವರದ ನಂತರ ಮಂಕಾಗುತ್ತದೆ, ಫಿಟ್ಸ್ ಬರುತ್ತದೆ, ನಡೆಯಲು ಆಗುವುದಿಲ್ಲ. ಬೇಗ ಗುರುತಿಸಿ ಬಯೋಟಿನ್, ಥಯಮಿನ್ ಕೊಟ್ಟರೆ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ನಿಲ್ಲಿಸಿದರೆ ಮತ್ತೆ ಬೀಳುತ್ತದೆ, ಪ್ರಾಣಕ್ಕೇ ಅಪಾಯ. ಜೀವನಪೂರ್ತಿ ತಗೋಬೇಕು.

ಅಂಥದೇ ಒಂದು ಮಗುವಿನ ಅಪ್ಪ ಊರಿನ ಮೆಡಿಕಲ್‌ನವರು ಕೊಟ್ಟ ಸ್ಟ್ರಿಪ್ ತಂದು ತೋರಿಸಿದರು. "ನೀವು ಬರೆದದ್ದು ಸ್ಟಾಕ್ ಇರಲಿಲ್ಲ ಮೇಡಂ. ಇದರಲ್ಲೂ ಬಯೋಟಿನ್ ಇದೆಯಂತೆ." ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಬಯೋಟಿನ್ 100 ಮೈಕ್ರೋಗ್ರಾಂ. ಈ ಕಾಯಿಲೆಯಲ್ಲಿ ದಿನಕ್ಕೆ ಕೊಡುವುದು ಮಗುವಿನ ತೂಕದ ಪ್ರತಿ ಕಿಲೋಗೆ 5ರಿಂದ 10 ಮಿಲಿಗ್ರಾಂ. ಹನ್ನೆರಡು ಕಿಲೋ ಮಗುವಿಗೆ ಆ ಮಾತ್ರೆ ದಿನಕ್ಕೆ ಕಮ್ಮಿಯೆಂದರೂ 600 ಬೇಕು! ಅವರು ಬಾಯಿ ಬಿಟ್ಟುಕೊಂಡು ನೋಡಿದರು. ಅಂಗಡಿಯವರಿಗೆ ಬಯೋಟಿನ್ ಅಂದರೆ ಕೂದಲು ಉದುರುವುದಕ್ಕೆ ಕೊಡುವ ಮಾತ್ರೆ. ಅವರನ್ನು ಬೈದು ಏನು ಪ್ರಯೋಜನ? ಚೀಟಿಯಲ್ಲಿ ಕಾರಣ ಬರೆದಿರುವುದಿಲ್ಲವಲ್ಲ.

ಈಗ ನಾವು ಇಂಥ ಔಷಧದ ಮುಂದೆ ಕೆಂಪು ಪೆನ್ನಿನಲ್ಲಿ "ನಿಲ್ಲಿಸಬೇಡಿ, ಬದಲಿಸಬೇಡಿ" ಅಂತ ಕನ್ನಡದಲ್ಲೇ ಬರೆಯುತ್ತೇವೆ. ಹುಟ್ಟಿನಿಂದ ಕೋಕ್ಯೂ10 ಕೊರತೆ ಇರುವವರಿಗೂ, ರೈಬೋಫ್ಲೇವಿನ್‌ಗೆ ಬಗ್ಗುವ ಎಂಎಡಿಡಿ ಅನ್ನುವ ಸ್ನಾಯು ಕಾಯಿಲೆಯವರಿಗೂ ಅದೇ ಕೆಂಪು ಗುರುತು.

ಬರೀ ಪ್ರಯತ್ನಕ್ಕೆ ಕೊಡುವ ಉಳಿದ ಔಷಧಗಳನ್ನು ಒಟ್ಟಿಗೆ ಶುರು ಮಾಡಬೇಡಿ ಅಂತ ಡಾಕ್ಟರಿಗೂ ಹೇಳುತ್ತೇನೆ. ಒಂದೊಂದಾಗಿ, ಕೆಲವು ವಾರ ಬಿಟ್ಟು ಕೊಟ್ಟರೆ ಯಾವುದರಿಂದ ಏನಾಯಿತು ಅಂತ ತಿಳಿಯುತ್ತದೆ. ಕಾರ್ನಿಟಿನ್‌ನಿಂದ ಭೇದಿಯಾಗಬಹುದು, ಮೈಯಿಂದ ಮೀನಿನ ವಾಸನೆ ಬರಬಹುದು. ಶಾಲೆಗೆ ಹೋಗುವ ಮಗುವಿಗೆ ಇದು ಸಣ್ಣ ವಿಷಯವಲ್ಲ, ಮೊದಲೇ ಹೇಳಿಬಿಡಿ. ರೈಬೋಫ್ಲೇವಿನ್ ಶುರುವಾದರೆ ಮೂತ್ರ ಗಾಢ ಹಳದಿ. ಕಾಮಾಲೆ ಅಂತ ರಾತ್ರಿ ಫೋನ್ ಬರುತ್ತದೆ! ಕೋಕ್ಯೂ10 ಜಿಡ್ಡಿನ ಜೊತೆ ಮಾತ್ರ ಚೆನ್ನಾಗಿ ಮೈಗೆ ಹತ್ತುತ್ತದೆ. ತುಪ್ಪದನ್ನದ ಜೊತೆ ಕೊಡಿ ಅಂದರೆ ಅಜ್ಜಿಯರು ಕೂಡಲೇ ಒಪ್ಪುತ್ತಾರೆ. ಬೆಲೆ ಜಾಸ್ತಿ, ಹಾಗಾಗಿ ಬರೀ ಪ್ರಯತ್ನಕ್ಕೆ ಕೊಟ್ಟದ್ದಾದರೆ ಕೆಲವು ತಿಂಗಳ ನಂತರ "ಇದು ಇನ್ನೂ ಬೇಕಾ ಸರ್?" ಅಂತ ನಾನೇ ಕೇಳುತ್ತೇನೆ.

ಬಯೋಟಿನ್ ತಗೊಳ್ಳುವವರು ರಕ್ತ ಪರೀಕ್ಷೆಗೆ ಹೋದಾಗ ಲ್ಯಾಬಿನವರಿಗೂ ಹೇಳಬೇಕು. ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಅಂಕಿ ಸುಳ್ಳೇ ಕಮ್ಮಿ ಬಂದು ಥೈರಾಯ್ಡ್ ಜಾಸ್ತಿಯಾಗಿದೆ ಅನಿಸುತ್ತದೆ. ಅದಕ್ಕೆ ಮತ್ತೊಂದು ಮಾತ್ರೆ ಶುರುವಾಗುವ ಮುಂಚೆ ಡಾಕ್ಟರಿಗೆ ನೆನಪಿಸಿ.