ಅಪ್ಪನ ಮನೆ ಮಾರುವ ಕೆಲಸ: ನಾಲ್ಕು ತಿಂಗಳ ದಾಖಲೆ

ಅಕ್ಟೋಬರ್, ಕೊನೆಯ ವಾರ

ಮೈಸೂರಿನ ಕುವೆಂಪುನಗರದ ಮನೆ ಮಾರುವುದೆಂದು ಅಮ್ಮನೂ ನಾನೂ ತೀರ್ಮಾನಿಸಿ ಹತ್ತು ದಿನವಾಯಿತು. 30x40ರ ನಿವೇಶನ, ಪೂರ್ವಕ್ಕೆ ಬಾಗಿಲು, ಒಂಬತ್ತು ಚದರದ ಮನೆ, ಕೆಂಪು ಗಾರೆ ನೆಲ. ಅಪ್ಪ ತೀರಿಕೊಂಡು ಎರಡು ವರ್ಷ. ಅಷ್ಟು ಮನೆಯಲ್ಲಿ ಅಮ್ಮ ಒಬ್ಬಳೇ ಇರುವುದು ಇನ್ನು ಆಗದು. ಕೆಲಸ ಎಲ್ಲಿಂದ ಎಲ್ಲಿಗೆ ಬಂತೆಂದು ಇಲ್ಲಿ ಬರೆದಿಡುತ್ತೇನೆ. ಹಳೆಯ ಮನೆ ಮಾರಲು ಹೊರಟವರಿಗೆ ಉಪಯೋಗವಾದೀತು.

ದೊಡ್ಡ ತಪ್ಪು ಮೊದಲ ವಾರವೇ ಆಯಿತು. ದಲ್ಲಾಳಿಗೆ ಹೇಳಿದೆ, ಮಂಡ್ಯದಲ್ಲಿರುವ ಅಕ್ಕನಿಗೆ ಹೇಳಲಿಲ್ಲ. ಅವಳಿಗೆ ಸುದ್ದಿ ಮುಟ್ಟಿದ್ದು ಪಕ್ಕದ ಮನೆಯವರಿಂದ. ಫೋನಿನಲ್ಲಿ ಅವಳು ಜಗಳವಾಡಲಿಲ್ಲ. "ನನ್ನ ಸಹಿ ಬೇಕಾದ ದಿನ ಹೇಳುತ್ತಿದ್ದೆಯೇನೋ?" ಎಂದಷ್ಟೇ ಕೇಳಿದಳು. ಭಾನುವಾರ ಬೆಳಗಿನ ರೈಲಿಗೆ ಮಂಡ್ಯಕ್ಕೆ ಹೋದೆ. ಊಟದ ತನಕ ಅವಳು ಮನೆಯ ಮಾತೇ ಎತ್ತಲಿಲ್ಲ. ಆಮೇಲೆ, "ಮಾರಿ, ಬೇಡ ಎನ್ನುವುದಿಲ್ಲ. ಹಿತ್ತಲಿನ ಒರಳುಕಲ್ಲು ಮಾತ್ರ ನನಗೆ" ಎಂದಳು.

ಅಪ್ಪ ಉಯಿಲು ಬರೆದಿರಲಿಲ್ಲ. ಅವರ ಸ್ವಯಾರ್ಜಿತ ಆಸ್ತಿಯಾದ್ದರಿಂದ ಅಮ್ಮ, ಅಕ್ಕ, ಅಣ್ಣ, ನಾನು ನಾಲ್ವರಿಗೂ ಸಮಪಾಲು. ಹೆಣ್ಣುಮಕ್ಕಳಿಗೆ ಪಾಲು ಬಂದದ್ದೇ 2005ರ ತಿದ್ದುಪಡಿಯಿಂದ ಎಂದು ಹಲವರು ನಂಬಿದ್ದಾರೆ. ಆ ತಿದ್ದುಪಡಿ ಪಿತ್ರಾರ್ಜಿತಕ್ಕೆ ಸಂಬಂಧಿಸಿದ್ದು. ಉಯಿಲಿಲ್ಲದ ತಂದೆಯ ಸ್ವಯಾರ್ಜಿತದಲ್ಲಿ ಮಗಳ ಸಮಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಅಕ್ಕನ ಸಹಿಯಿಲ್ಲದ ಕ್ರಯಪತ್ರವನ್ನು ಬಲ್ಲ ವಕೀಲರು ಯಾರೂ ಒಪ್ಪುವುದಿಲ್ಲ. ಆದರೆ ಕಾನೂನು ಹೇಳುತ್ತದೆಂದು ಅವಳನ್ನು ಕೇಳುವುದು ಬೇರೆ, ಅವಳು ಆ ಮನೆಯಲ್ಲಿ ಬೆಳೆದವಳೆಂದು ಕೇಳುವುದು ಬೇರೆ. ಎರಡನೆಯದನ್ನು ನಾನು ಮೊದಲೇ ಮಾಡಬೇಕಿತ್ತು.

ನವೆಂಬರ್

ತಿಂಗಳಿಡೀ ಕಾಗದಪತ್ರದ ಕೆಲಸ. ದಲ್ಲಾಳಿಗೆ ಜನವರಿಯವರೆಗೆ ಯಾರನ್ನೂ ಕರೆತರಬೇಡಿ ಎಂದೆ.

ಅಪ್ಪನ ಟ್ರಂಕಿನಲ್ಲಿದ್ದ ಹಂಚಿಕೆ ಪತ್ರ 1984ರದು. ಅದರ ಮೇಲೆ ನಗರ ಸುಧಾರಣಾ ವಿಶ್ವಸ್ಥ ಮಂಡಳಿಯ ಹೆಸರಿದೆ. ಅದರ ಜಾಗಕ್ಕೆ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಬಂದದ್ದು 1988ರಲ್ಲಿ. ಹಳೆಯ ಬಡಾವಣೆಯವರು ಈ ಹಳೆಯ ಹೆಸರಿನ ಕಾಗದವನ್ನು ಕಂಡು ಗಾಬರಿಯಾಗಬೇಕಿಲ್ಲ. ಹಂಚಿಕೆ ಪತ್ರದ ಜೊತೆಗೆ ಕ್ರಯಪತ್ರವೂ ಇದೆಯೇ ಎಂದು ನೋಡಿಕೊಳ್ಳಬೇಕು. ನಮ್ಮಲ್ಲಿ ಇತ್ತು.

ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪ್ರಮಾಣಪತ್ರದಲ್ಲಿ ತೊಡಕು ಸಿಕ್ಕಿತು. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಅದು ಶುದ್ಧವಾಗಿತ್ತು. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಿಂದ ತೆಗೆಸಿದಾಗ 1991ರ ಅಡಮಾನ ಹಾಗೆಯೇ ನಿಂತಿತ್ತು. ಅಪ್ಪ ಕೊನೆಯ ಕಂತು ಕಟ್ಟಿ ಮೂಲಪತ್ರ ಬಿಡಿಸಿಕೊಂಡು ಬಂದಿದ್ದರು, ಅಡಮಾನ ಬಿಡುಗಡೆ ಪತ್ರವನ್ನು ನೋಂದಾಯಿಸಿರಲಿಲ್ಲ. ಆ ಬ್ಯಾಂಕಿನ ಶಾಖೆ ಈಗ ಅಲ್ಲಿಲ್ಲ, ಕಡತ ಬೇರೆ ಕಡೆ ಹೋಗಿದೆ. ಬಿಡುಗಡೆ ಪತ್ರ ಕೈಸೇರಲು ಐದು ವಾರ ಹಿಡಿಯಿತು. ಕೊಳ್ಳುವವರು ಮುಂಗಡ ಕೊಟ್ಟು ಕಾಯುತ್ತಿರುವಾಗ ಇದು ಹೊರಬಿದ್ದಿದ್ದರೆ ವ್ಯಾಪಾರವೇ ಮುರಿಯುತ್ತಿತ್ತು.

ಇದರ ನಡುವೆಯೇ ಮರಣ ಪ್ರಮಾಣಪತ್ರ, ವಂಶವೃಕ್ಷ, ಕಂದಾಯದ ರಸೀದಿ ಕೊಟ್ಟು ಖಾತೆಯನ್ನು ನಾಲ್ವರ ಹೆಸರಿಗೆ ಮಾಡಿಸಿದೆವು. ಈಗ ಇ-ಖಾತೆಯಿಲ್ಲದೆ ನೋಂದಣಿಯಾಗುವುದಿಲ್ಲ.

ಡಿಸೆಂಬರ್

ಮಲಗುವ ಕೋಣೆಯ ಗೋಡೆ ಸಜ್ಜೆಯ ಹತ್ತಿರ ತೇವ ಹಿಡಿದಿತ್ತು. ಬಣ್ಣ ಬಳಿದುಬಿಡಿ ಎಂದು ದಲ್ಲಾಳಿ ಹೇಳಿದರು. ನನಗೆ ಮನಸ್ಸಾಗಲಿಲ್ಲ. ತಾರಸಿಯ ಬಿರುಕು ಮುಚ್ಚಿಸಿದೆವು, ಮಳೆನೀರಿನ ಕೊಳವೆ ಬದಲಿಸಿದೆವು, ಗೋಡೆ ಒಣಗಲು ಬಿಟ್ಟೆವು. ಅಡುಗೆಮನೆ ಹೊಸದಾಗಿಸುವ ಯೋಚನೆ ಕೈಬಿಟ್ಟೆವು. ಹಳೆಯ ಮನೆ ಕೊಳ್ಳುವವರು ಅದನ್ನು ಹೇಗೂ ತಮ್ಮ ಇಷ್ಟದಂತೆ ಕಟ್ಟಿಸಿಕೊಳ್ಳುತ್ತಾರೆ.

ಬೆಲೆಯ ವಿಷಯದಲ್ಲಿ ಅಣ್ಣನಿಗೂ ನನಗೂ ಮಾತು ಬೆಳೆಯಿತು. ಅವನು ಹಿಂದಿನ ರಸ್ತೆಯಲ್ಲಿ ಕೇಳುತ್ತಿರುವ ಬೆಲೆ ಹೇಳುತ್ತಾನೆ. ಕೇಳುವ ಬೆಲೆಗೂ ಕುದುರಿದ ಬೆಲೆಗೂ ಅಂತರವಿರುತ್ತದೆ. ಕೊನೆಗೆ ನೋಂದಾಯಿತ ಮೌಲ್ಯಮಾಪಕರನ್ನು ಕರೆಸಿದೆವು. ನಿವೇಶನಕ್ಕೆ ಚದರಡಿ ಲೆಕ್ಕ, ನಲವತ್ತು ವರ್ಷದ ಕಟ್ಟಡಕ್ಕೆ ಸವಕಳಿ ಕಳೆದ ಲೆಕ್ಕ. ಅಣ್ಣ ಕಟ್ಟಡವನ್ನು ಹೊಸ ಮನೆಯ ದರದಲ್ಲಿ ಹಿಡಿದಿದ್ದ. 2001ರ ಏಪ್ರಿಲ್ 1ರಂದು ಇದ್ದ ಮೌಲ್ಯದ ವರದಿಯನ್ನೂ ಅವರಿಂದಲೇ ಬರೆಸಿಕೊಂಡೆವು. ಬಂಡವಾಳ ಲಾಭದ ತೆರಿಗೆಗೆ ಹಳೆಯ ಆಸ್ತಿಯ ಖರೀದಿ ಬೆಲೆಯೆಂದು ಅದನ್ನು ಹಿಡಿಯಬಹುದು. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ, ಹಣದುಬ್ಬರದ ಸೂಚ್ಯಂಕ ಹಿಡಿದು ಶೇಕಡಾ 20, ಹಿಡಿಯದೆ ಶೇಕಡಾ 12.5, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು.

ಧನುರ್ಮಾಸದಲ್ಲಿ ಮನೆ ನೋಡಲು ಯಾರೂ ಬರುವುದಿಲ್ಲ. ಗೋಡೆ ಒಣಗಿತು.

ಜನವರಿ, ಸಂಕ್ರಾಂತಿಯ ನಂತರ

ಏಳು ಕುಟುಂಬಗಳು ಬಂದು ನೋಡಿದವು. ಒಬ್ಬರು ನಾವು ಕೇಳಿದ್ದಕ್ಕಿಂತ ಹೆಚ್ಚು ಕೊಡಲು ಸಿದ್ಧರಿದ್ದರು, ಕಾಲು ಭಾಗ ನಗದು, ಅದು ಪತ್ರದಲ್ಲಿ ಕಾಣಬಾರದು ಎಂಬ ಷರತ್ತಿನ ಮೇಲೆ. ಅವರ ಕಷ್ಟವೂ ಅರ್ಥವಾಗುತ್ತದೆ: ಮುದ್ರಾಂಕ ಶುಲ್ಕದ ಜೊತೆಗೆ ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿದೆ. ಆದರೂ ಬೇಡವೆಂದೆವು. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ನಗದು ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. ಅಮ್ಮನ ಹೆಸರಿಗೆ ಅಂಥ ನೋಟಿಸು ಬರುವ ದಾರಿಯನ್ನು ನಾನು ತೆರೆಯಲಾರೆ.

ಮನೆ ಒಪ್ಪಿದವರು ನಂಜನಗೂಡಿನ ಶಿಕ್ಷಕ ದಂಪತಿ. ತಾರಸಿ ಸೋರುತ್ತಿತ್ತು, ಇಂಥಿಂಥ ಕಡೆ ದುರಸ್ತಿ ಮಾಡಿಸಿದೆವು ಎಂದು ತೋರಿಸಿದೆ. ಅವರು ರಸೀದಿ ಕೇಳಿದರು, ಕೊಟ್ಟೆ. ಆ ದಿನದಿಂದ ಮಾತುಕತೆ ಸಲೀಸಾಯಿತು.

ಒಪ್ಪಂದದಲ್ಲಿ ಮುಂಗಡ, ಗಡುವು, ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಮುಂಗಡದ ಗತಿಯೇನು ಎಂಬುದನ್ನೆಲ್ಲ ಬರೆಸಿದೆವು. ಟಿಡಿಎಸ್‌ನಲ್ಲಿ, ಎಂದರೆ ಕೊಳ್ಳುವವರು ಬೆಲೆಯಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆಯಲ್ಲಿ, ಮಾತ್ರ ಎಡವುತ್ತಿದ್ದೆವು. ತಲಾ ಪಾಲು 50 ಲಕ್ಷ ದಾಟುವುದಿಲ್ಲ, ಆದ್ದರಿಂದ ಕಡಿತವಿಲ್ಲ ಎಂದುಕೊಂಡಿದ್ದೆವು. 2024ರ ಅಕ್ಟೋಬರ್ 1ರಿಂದ ಮಾರುವವರು ಎಷ್ಟು ಜನರಿದ್ದರೂ ಒಟ್ಟು ಬೆಲೆಯೇ ಲೆಕ್ಕ. ಶೇಕಡಾ 1ರಂತೆ ನಾಲ್ವರ ಪಾನ್ ಸಂಖ್ಯೆಗೂ ಬೇರೆ ಬೇರೆಯಾಗಿ ಕಟ್ಟಬೇಕು.

ಫೆಬ್ರವರಿ

ನೋಂದಣಿಗೆ ನಾಲ್ಕು ದಿನ ಮೊದಲು ಆ ಶಿಕ್ಷಕಿ ಹಿತ್ತಲು ನೋಡಿ, ಒರಳುಕಲ್ಲು ಚೆನ್ನಾಗಿದೆ, ನಮಗೂ ಬಳಕೆಗೆ ಬರುತ್ತದೆ ಎಂದರು. ಮನೆಯ ಜೊತೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಎಂಬ ಪಟ್ಟಿಯನ್ನು ಒಪ್ಪಂದಕ್ಕೆ ಸೇರಿಸಲು ನಾನು ಮರೆತಿದ್ದೆ. ಸೋಲಾರ್ ಹೀಟರ್, ಫ್ಯಾನು, ಸಂಪಿನ ಮೋಟಾರು ಎಲ್ಲವನ್ನೂ ಅಂದೇ ಕೂತು ಬರೆದು ಎರಡೂ ಕಡೆಯವರು ಸಹಿ ಹಾಕಿದೆವು. ಕಲ್ಲಿನ ಕತೆ ಹೇಳಿದಾಗ ಆಕೆ, "ಅಯ್ಯೋ, ಅಕ್ಕನವರದು ಅಕ್ಕನವರಿಗೇ ಇರಲಿ" ಎಂದು ಮೊದಲು ಸಹಿ ಹಾಕಿದರು.

ನೋಂದಣಿ ಗುರುವಾರ ಮುಗಿಯಿತು. ಸೆಸ್ಕ್‌ನ ವಿದ್ಯುತ್ ಮೀಟರಿನ ಹೆಸರು ಬದಲಾವಣೆಯ ಅರ್ಜಿ ಕೊಟ್ಟಾಯಿತು. ನೀರಿನದು ಬಾಕಿ. ಒರಳುಕಲ್ಲನ್ನು ಎತ್ತಲು ಮೂವರು ಬೇಕಾದರು. ಅಕ್ಕ ಗೂಡ್ಸ್ ಆಟೋದ ಮುಂದಿನ ಸೀಟಿನಲ್ಲಿ ಕೂತು ಅದರ ಜೊತೆಗೇ ಮಂಡ್ಯಕ್ಕೆ ಹೋದಳು.