ತುಂಗಭದ್ರೆಯ ಕಲ್ಲುಸೇತುವೆ ನೋಡಲು ಆನೆಗೊಂದಿ ಕಡೆಯಿಂದ ಬನ್ನಿ

ಹಂಪಿಯ ಹಳೆಯ ಕಲ್ಲುಸೇತುವೆಯನ್ನು ನೋಡುವ ಮನಸ್ಸಿದ್ದರೆ ಗಂಗಾವತಿಯಿಂದ ಆನೆಗೊಂದಿಗೆ ಬೆಳಗಿನ ಬಸ್ ಹಿಡಿಯಿರಿ. ಅಲ್ಲಿಂದ ತಳವಾರಘಟ್ಟಕ್ಕೆ ಹೊಳೆ ದಾಟುವಾಗಲೇ ಇಲ್ಲೊಂದು ಸೇತುವೆ ಏಕೆ ಬೇಕಾಗಿತ್ತೆಂಬುದು ತಿಳಿಯುತ್ತದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬೆತ್ತದಲ್ಲಿ ಹೆಣೆದು ತೊಗಲು ಹೊದಿಸಿದ ದುಂಡು ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ಒಟ್ಟಿಗೆ ದಾಟುತ್ತಿದ್ದರೆಂದು ಬರೆದಿದ್ದಾನೆ. ಹರಿಗೋಲು ಇಂದಿಗೂ ಉಳಿದಿದೆ. ಹೊಳೆ ಏರಿದರೆ ಮಾತ್ರ ದಾಟಿಸುವುದಿಲ್ಲ.

ನಾವು ಹೋದದ್ದು ಜನವರಿಯಲ್ಲಿ. ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟರೆ ಪುರಂದರ ಮಂಟಪವೇ ಮುಳುಗುತ್ತದೆ, ಸೇತುವೆಯ ಕಂಬಗಳ ಮಾತು ದೂರವೇ ಉಳಿಯಿತು. ಆದ್ದರಿಂದ ನೀರು ಇಳಿದ ಮೇಲೆಯೇ ಹೊರಡಿ.

ಗೆಜ್ಜಲ ಮಂಟಪದ ಬಳಿಯಿಂದ ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ವಾಹನಗಳಿವೆ. ಕಲ್ಲಿನ ರಥ ನೋಡಿ ಅಲ್ಲಿಂದಲೇ ಹಿಂತಿರುಗುವವರು ಬಹಳ. ನೀವು ಪುರಂದರ ಮಂಟಪದ ಕಡೆಗೆ ಇಳಿಯಿರಿ. ಹೊಳೆಯೊಳಗೆ ಸಾಲಾಗಿ ನಿಂತ ಒರಟು ಕಲ್ಲುಕಂಬಗಳು ಕಾಣುತ್ತವೆ. ಅವುಗಳ ಮೇಲಿನ ದಾರಿ ಎಂದೋ ಕೊಚ್ಚಿಹೋಗಿದೆ.

ಇಲ್ಲಿ ಕಮಾನಿಲ್ಲ. ಕಮಲ ಮಹಲ್, ಆನೆಲಾಯಗಳನ್ನು ಕಟ್ಟಿದ ವಿಜಯನಗರದವರಿಗೆ ಕಮಾನು ತಿಳಿಯದ್ದೇನಲ್ಲ. ಆದರೂ ಹೊಳೆಗೆ ಅವರು ಆರಿಸಿಕೊಂಡದ್ದು ದೇವಸ್ಥಾನದ ಮಂಟಪದ ಕ್ರಮವನ್ನೇ: ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಕಲ್ಲು ಒತ್ತುವ ಭಾರವನ್ನು ಎಷ್ಟಾದರೂ ತಾಳುತ್ತದೆ, ಬಾಗಿದರೆ ಒಡೆಯುತ್ತದೆ. ಹಾಗಾಗಿ ತೊಲೆಗಳು ಗಿಡ್ಡವಾಗಿರಬೇಕು, ಕಂಬಗಳು ಹತ್ತಿರ ಹತ್ತಿರ ನಿಲ್ಲಬೇಕು. ಕಂಬಗಳು ಒತ್ತಾದಷ್ಟೂ ಪ್ರವಾಹದ ನೀರಿಗೆ ತಡೆ ಹೆಚ್ಚು. ತೇಲಿಬಂದ ಮರಮಟ್ಟು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಂಥ ಸೇತುವೆಯ ಬಲವೂ ದೌರ್ಬಲ್ಯವೂ ಈ ಲೆಕ್ಕಾಚಾರದಲ್ಲೇ ಇವೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕಂಬಗಳ ನಡುವಿನ ಅಂತರವನ್ನು ನಿಧಾನವಾಗಿ ನೋಡಿ. ಸುತ್ತಲಿನ ಬಂಡೆಗಳನ್ನೂ ಬಿಡಬೇಡಿ. ಬೆಣೆ ಕೂರಿಸಿ ಕಲ್ಲು ಸೀಳಿದ ಗುಳಿಗಳ ಸಾಲು ಹಂಪಿಯಲ್ಲಿ ಎಲ್ಲೆಡೆ ಸಿಗುತ್ತದೆ. ನನಗೆ ಕೆತ್ತನೆಯಷ್ಟೇ ಪ್ರಿಯವಾದ ಗುರುತುಗಳವು.

ಇದೇ ಹೊಳೆಗೆ ಆನೆಗೊಂದಿಯ ಬಳಿ ಹೊಸ ಸೇತುವೆ ಕಟ್ಟಲು ಹೊರಟದ್ದು, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದ ಹಂಪಿಯನ್ನು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ತಳ್ಳಿದ ಕಾರಣಗಳಲ್ಲೊಂದು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಆ ಸೇತುವೆ ಕಟ್ಟುತ್ತಿರುವಾಗಲೇ 2009ರಲ್ಲಿ ಕುಸಿಯಿತು. ದಡದ ಹಳ್ಳಿಗಳ ಜನರಿಗೆ ಸೇತುವೆ ಖಂಡಿತ ಬೇಕು. ಎಲ್ಲಿ ಕಟ್ಟಬೇಕೆಂಬುದನ್ನು ಮೊದಲೇ ಯೋಚಿಸಿದ್ದರೆ ಅವರು ಅಷ್ಟು ವರ್ಷ ಕಾಯಬೇಕಿರಲಿಲ್ಲ.

ಕಂಬಗಳ ಮೇಲೆ ಹತ್ತಬೇಡಿ, ನೀರಿಗೆ ಇಳಿಯಬೇಡಿ. ಬಂಡೆಗಳು ಜಾರುತ್ತವೆ, ಸೆಳೆತ ಮೇಲೆ ಕಾಣುವುದಿಲ್ಲ. ಟೋಪಿ, ಕುಡಿಯುವ ನೀರು, ಹಿಡಿತವಿರುವ ಚಪ್ಪಲಿ ಇರಲಿ. ಮರಳಿ ಆನೆಗೊಂದಿಗೆ ದಾಟಿದ ಮೇಲೆ ಹೊತ್ತಿದ್ದರೆ, ವಿರೂಪಾಪುರಗಡ್ಡೆಯ ಕಡೆಗಿರುವ ಬುಕ್ಕನ ಮೇಲ್ಗಾಲುವೆಯನ್ನೂ ನೋಡಿ. ಅಲ್ಲಿ ಕಲ್ಲುಕಂಬಗಳು ಹೊತ್ತದ್ದು ಜನರನ್ನಲ್ಲ, ನೀರನ್ನು.