ವಚನ ಬಿಟ್ಟು ಅಧ್ಯಾಯಕ್ಕೆ: ನನ್ನ 2024ರ ಬೈಬಲ್ ಓದು

ಜನವರಿ

ಈ ವರ್ಷ ದಿನಾ ಬೈಬಲ್ ಓದಬೇಕು, ಓದಿದ್ದರ ಬಗ್ಗೆ ನಾಲ್ಕು ಸಾಲು ಬರೆದಿಡಬೇಕು. ಇಷ್ಟೇ ಯೋಜನೆ. ಭಾನುವಾರ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತೇನೆ, ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತೇನೆ. ಆದರೆ ಬೈಬಲ್ ಮಾತ್ರ ಯಾರೋ ಓದಿ ಹೇಳಿದ್ದನ್ನು ಕೇಳಿಯೇ ಇಷ್ಟು ವರ್ಷ ಕಳೆದಿದೆ.

ಮೆಕ್‌ಚೇನ್ ಪಟ್ಟಿ ಹಿಡಿದು ಶುರು ಮಾಡಿದ್ದೇನೆ. ರಾಬರ್ಟ್ ಮರ್ರೆ ಮೆಕ್‌ಚೇನ್ ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕರು. 1842ರಲ್ಲಿ ತಮ್ಮ ಸಭೆಯವರಿಗಾಗಿ ಈ ಪಟ್ಟಿ ಮಾಡಿದರು. ದಿನಕ್ಕೆ ನಾಲ್ಕು ಅಧ್ಯಾಯ. ವರ್ಷಕ್ಕೆ ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಮುಗಿಯುತ್ತವೆ. ಜನವರಿ 1ಕ್ಕೆ ಆದಿಕಾಂಡ, ಎಜ್ರ, ಮತ್ತಾಯ, ಅಪೊಸ್ತಲರ ಕೃತ್ಯಗಳು, ನಾಲ್ಕರದ್ದೂ ಮೊದಲ ಅಧ್ಯಾಯ. ಲೋಕದ ಆರಂಭ, ಬಾಬೆಲ್ (ಬ್ಯಾಬಿಲೋನ್) ಸೆರೆಯಿಂದ ಮರಳಿದ ಯೆಹೂದ್ಯರ ಆರಂಭ, ಯೇಸುವಿನ ಜನನ, ಸಭೆಯ ಆರಂಭ. ಯೋಚಿಸಿ ಜೋಡಿಸಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ.

ಪಟ್ಟಿ ಚೆನ್ನಾಗಿದೆ. ನನ್ನ ಕೆಲಸಕ್ಕೆ ಹೊಂದುತ್ತಿಲ್ಲ. ತೋರಣಗಲ್ಲು ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಡ್ಯೂಟಿ. ನೈಟ್ ಶಿಫ್ಟ್ ಮುಗಿಸಿ ಬಳ್ಳಾರಿಗೆ ಬಂದು, ಸ್ನಾನ ಮಾಡಿ ಕೂತರೆ ನಾಲ್ಕನೇ ಅಧ್ಯಾಯದ ಹೊತ್ತಿಗೆ ಕಣ್ಣು ಸಾಲಿನ ಮೇಲಿರುತ್ತದೆ, ತಲೆ ದಿಂಬಿನ ಮೇಲಿರುತ್ತದೆ. ಟಿಕ್ ಹಾಕುವುದು ಮಾತ್ರ ತಪ್ಪುತ್ತಿಲ್ಲ.

ಫೆಬ್ರವರಿ

ದಾರಿ ಬದಲಿಸಿದೆ. 14ಕ್ಕೆ ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ಉಪವಾಸ ಕಾಲದ ಮೊದಲ ದಿನ. ಅವತ್ತಿನಿಂದ ದಿನಕ್ಕೆ ಒಂದೇ ಅಧ್ಯಾಯ, ಮೂರು ಸಲ.

ಇದಕ್ಕೆ ಕಾರಣ ಪಕ್ಕದ ಮನೆ ಆಂಟಿ. ಅವರು ಕ್ಯಾಥೊಲಿಕ್, ನಾವು ಪ್ರೊಟೆಸ್ಟೆಂಟ್. ಕೌಲ್ ಬಜಾರಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದ್ದರೂ ಬೈಬಲ್ ವಿಷಯ ಮಾತಾಡಿದ್ದು ಇದೇ ಮೊದಲು. ಅವರ ಸಭೆಯಲ್ಲಿ ವಾಚನಗಳಿಗೆ ಒಂದು ಕ್ರಮ ಇದೆ. ಭಾನುವಾರದ್ದು ಮೂರು ವರ್ಷದ ಚಕ್ರ, ವಾರದ ದಿನಗಳದ್ದು ಎರಡು ವರ್ಷದ ಚಕ್ರ. ಈ ವರ್ಷ ಭಾನುವಾರಗಳಲ್ಲಿ ಹೆಚ್ಚಾಗಿ ಮಾರ್ಕನ ಸುವಾರ್ತೆ. ಲೋಕದ ಎಲ್ಲಾ ಕಡೆ ಅವತ್ತು ಅದೇ ಪಾಠ ಅಂತ ಆಂಟಿ ಹೆಮ್ಮೆಯಿಂದ ಹೇಳಿದರು. ಆಮೇಲೆ ಕೇಳಿದರು: "ನೀನು ನಾಲ್ಕು ಅಧ್ಯಾಯ ಓದ್ತೀಯಲ್ಲಪ್ಪ, ನಿನ್ನೆ ಓದಿದ್ದೇನು ಹೇಳು?" ನಾನು ಚಹಾ ಕುಡಿದೆ.

ಅವರು ಹೇಳಿಕೊಟ್ಟ ಕ್ರಮ ತುಂಬಾ ಹಳೆಯದು. 12ನೇ ಶತಮಾನದಲ್ಲಿ ಎರಡನೇ ಗೀಗೋ ಎಂಬ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲಾಗಿ ಬರೆದಿಟ್ಟರು. ಓದು, ಧ್ಯಾನ, ಪ್ರಾರ್ಥನೆ, ಆಮೇಲೆ ಸುಮ್ನೆ ದೇವರ ಮುಂದೆ ಇರುವುದು. ನಾಲ್ಕನೆಯದು ನನಗೆ ಇನ್ನೂ ಬರುತ್ತಿಲ್ಲ. ಸುಮ್ನೆ ಕೂತರೆ ನಿದ್ದೆ ಬರುತ್ತದೆ. ಮೊದಲ ಮೂರಕ್ಕೆ ಅಂಗಡಿಯ ಲೆಕ್ಕದ ಉದ್ದ ಪುಸ್ತಕ ಒಂದು ತಂದೆ. ಎಡ ಪುಟದಲ್ಲಿ ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದು. ಬಲ ಪುಟದಲ್ಲಿ ನನಗೆ ಎದ್ದ ಪ್ರಶ್ನೆ. ಕೆಳಗೆ ಒಂದು ಸಾಲು ಪ್ರಾರ್ಥನೆ. ಎಡ ಪುಟ ತುಂಬದೆ ಬಲಕ್ಕೆ ಹೋಗಬಾರದು ಎಂಬುದು ನಾನೇ ಹಾಕಿಕೊಂಡ ನಿಯಮ.

ಬೈಬಲ್ಲಿನಲ್ಲಿ 1,189 ಅಧ್ಯಾಯ. ಈ ವೇಗದಲ್ಲಿ ಮೂರು ವರ್ಷ ದಾಟುತ್ತದೆ. ದಾಟಲಿ.

ಮಾರ್ಚ್

ಕೀರ್ತನೆಗಳು ಮತ್ತು ಮಾರ್ಕ. 31ಕ್ಕೆ ಈಸ್ಟರ್.

ಕೀರ್ತನೆ ಅಂದರೆ ಸ್ತುತಿ ಅಂತ ತಿಳಿದಿದ್ದೆ. ಒಂದೊಂದಾಗಿ ಓದುತ್ತಾ ಹೋದರೆ ಜಗಳ, ದೂರು, ಅಳುವೇ ಜಾಸ್ತಿ. 13ನೆಯದು ಎಷ್ಟು ದಿನ, ಎಷ್ಟು ದಿನ ಎಂದು ದೇವರನ್ನು ನಾಲ್ಕು ಸಲ ಕೇಳುತ್ತದೆ. ಅದರ ಕೊನೆಗಾದರೂ ಒಂದು ಹಾಡು ಇದೆ. 88ರಲ್ಲಿ ಅದೂ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ನಮ್ಮ ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಹಾಗೆ ಪ್ರಾರ್ಥನೆ ಮಾಡಿ ಆಮೆನ್ ಅಂದರೆ ಪಕ್ಕದವರು ಎದ್ದು ಬಂದು ಧೈರ್ಯ ಹೇಳುತ್ತಾರೆ. ಬೈಬಲ್ ಅದನ್ನು ಹಾಗೇ ಬಿಟ್ಟಿದೆ.

ನನಗೆ ಇದು ಬೇಕಿತ್ತು. ಮಾವನವರದು ಸಿರುಗುಪ್ಪ ಕಡೆ ಕಾಲುವೆ ಕೆಳಗಿನ ಭತ್ತದ ಗದ್ದೆ. ಕಳೆದ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ತುಂಗಭದ್ರಾ ಡ್ಯಾಂ ತುಂಬಲಿಲ್ಲ, ಮಾವನವರ ಗದ್ದೆಗೆ ಎರಡನೇ ಬೆಳೆ ಇಲ್ಲ. ಮನೆಯಲ್ಲಿ ಪ್ರಾರ್ಥನೆ ಮಾಡುವಾಗ ಎಲ್ಲದಕ್ಕೂ ಸ್ತೋತ್ರ ಎನ್ನುತ್ತಿದ್ದೆವು. ಈಗ ನಾನು ಮೊದಲು 13 ಓದುತ್ತೇನೆ, ಸ್ತೋತ್ರ ಆಮೇಲೆ. ಮಾವನವರಿಗೆ ಇದು ಹಿಡಿಸಿಲ್ಲ. "ದೇವ್ರನ್ನ ಹಂಗೆಲ್ಲ ಕೇಳಬಾರ್ದಪ್ಪ" ಎನ್ನುತ್ತಾರೆ. ದಾವೀದ ಕೇಳಿದ್ದಾನೆ ಮಾವ, ಎಂದರೆ "ಅವನು ಅರಸ" ಎನ್ನುತ್ತಾರೆ.

ಏಪ್ರಿಲ್, ಮೇ

ಬಿಸಿಲು. 40 ಡಿಗ್ರಿ ದಾಟಿದ ಮೇಲೆ ಓದು ನಸುಕಿಗೆ ಹೋಯಿತು. 1 ಅರಸುಗಳು ಪುಸ್ತಕದ 17ನೇ ಅಧ್ಯಾಯದಿಂದ ಎಲೀಯ ಪ್ರವಾದಿಯ ಕಥೆ ಹಿಡಿದೆ. ಭಾನುವಾರ ಶಾಲೆಯಲ್ಲಿ ಕಾಗೆಗಳು ರೊಟ್ಟಿ ತಂದದ್ದು, ಆಕಾಶದಿಂದ ಬೆಂಕಿ ಇಳಿದದ್ದು ಮಾತ್ರ ಕಲಿತಿದ್ದೆ. ಎಡ ಪುಟ ತುಂಬಿಸಲು ಕೂತಾಗ ಬೇರೆಯದೇ ಕಣ್ಣಿಗೆ ಬಿತ್ತು. ಮಳೆ ಬರಲ್ಲ ಎಂದು ಹೇಳಿದ ಪ್ರವಾದಿಯೇ ಕೂತು ನೀರು ಕುಡಿಯುತ್ತಿದ್ದ ಕೆರೀತ್ ಹಳ್ಳ ಬತ್ತುತ್ತದೆ. ಬರ ಅವನನ್ನೂ ಬಿಡಲಿಲ್ಲ. ಆಮೇಲೆ ಅವನಿಗೆ ಅನ್ನ ಹಾಕುವವಳು ಪರದೇಶದ ಒಬ್ಬ ವಿಧವೆ. ಅವಳ ಮಡಕೆಯಲ್ಲಿ ಇದ್ದದ್ದು ಒಂದು ಹಿಡಿ ಹಿಟ್ಟು.

18ರಲ್ಲಿ ಮಳೆಗಾಗಿ ಅವನು ಕರ್ಮೆಲ್ ಬೆಟ್ಟದ ಮೇಲೆ ತಲೆ ಬಾಗಿಸಿ ಕೂರುತ್ತಾನೆ. ಆಳನ್ನು ಸಮುದ್ರದ ಕಡೆ ನೋಡಿ ಬಾ ಎಂದು ಕಳಿಸುತ್ತಾನೆ. ಏನೂ ಇಲ್ಲ. ಏಳನೇ ಸಲ ಅಂಗೈಯಷ್ಟು ಮೋಡ. ಆರು ಸಲ ಏನೂ ಕಾಣದೆ ವಾಪಸ್ ಬಂದ ಆ ಆಳಿನ ಬಗ್ಗೆ ಬಲ ಪುಟದಲ್ಲಿ ತುಂಬಾ ಬರೆದೆ. ಅವನಿಗೆ ಹೆಸರಿಲ್ಲ. ಅವನು ಪ್ರಾರ್ಥನೆ ಮಾಡಿದ ಎಂದೂ ಇಲ್ಲ. ಹೋಗು ಅಂದಾಗ ಹೋದ. ಬೇಸಿಗೆ ಸಂಜೆ ಮಾಳಿಗೆ ಹತ್ತಿ ಪಡುವಣಕ್ಕೆ ನೋಡಿ ಕೆಳಗೆ ಇಳಿಯುವ ಎಲ್ಲರೂ ಅವನ ಜಾತಿಯೇ ಅಲ್ವಾ?

ಇದೇ ತಿಂಗಳು ಸಭೆಯ ಹಿರಿಯರೊಬ್ಬರು ಹಳೆಯದೊಂದು ವಿಷಯ ನೆನಪಿಸಿದರು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಲ್ಲೇ ಕನ್ನಡ ಕಲಿತು, ಇಲ್ಲೇ ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತರು. ಮುಂದೆ ನಿಘಂಟು ಮಾಡಿದ ವಿಲಿಯಂ ರೀವ್ ಅವರೂ ಕೈಜೋಡಿಸಿದರು. ಪೂರ್ತಿ ಬೈಬಲ್ ಕನ್ನಡದಲ್ಲಿ ಆಗುವ ಹೊತ್ತಿಗೆ 1831 ಬಂದಿತ್ತು. ಕಲ್ಲುಗುಡ್ಡದ ಈ ಊರಲ್ಲಿ, ಫ್ಯಾನೂ ಇಲ್ಲದ ಮೇ ತಿಂಗಳುಗಳಲ್ಲಿ ಆ ಕೆಲಸ ಸಾಗಿತು. ನಾನು ವರ್ಷದಲ್ಲಿ ಮುಗಿಸಬೇಕು ಎಂದು ಹೊರಟಿದ್ದೆ!

ಜೂನ್

ಭಾವಮೈದ ಗುಳೆ ಹೋದ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಹೊರಟ ದಿನ ಅವನ ಫೋನಿಗೆ ಸಂಬಂಧಿಕರಿಂದ ಒಂದೇ ವಚನದ ಚಿತ್ರಗಳು ಬಂದವು. ಯೆರೆಮೀಯ 29:11. ನಿಮಗೆ ಕೇಡಲ್ಲ, ಹಿತವನ್ನೇ, ನಿರೀಕ್ಷೆಯ ಭವಿಷ್ಯವನ್ನೇ ಕೊಡುತ್ತೇನೆ ಎಂಬ ಮಾತು. ಹಿಂದೆ ಹೂವು, ಸೂರ್ಯೋದಯ.

ಅವತ್ತು ನನ್ನ ಸರದಿಯ ಅಧ್ಯಾಯ ಬಿಟ್ಟು 29 ಪೂರ್ತಿ ಓದಿದೆ. ಅದೊಂದು ಕಾಗದ. ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಯೆರೂಸಲೇಮಿನಿಂದ ಬರೆದದ್ದು. ಬೇಗ ವಾಪಸ್ ಬರುತ್ತೀರಿ ಎಂದು ಬೇರೆ ಪ್ರವಾದಿಗಳು ಹೇಳುತ್ತಿದ್ದರು. ಇವನು ಇಲ್ಲ ಎನ್ನುತ್ತಾನೆ. ಮನೆ ಕಟ್ಟಿ, ತೋಟ ಹಾಕಿ, ಮದುವೆ ಮಾಡಿಕೊಳ್ಳಿ, ಆ ಊರಿಗಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ. 10ನೇ ವಚನದಲ್ಲಿ 70 ವರ್ಷ ಎಂದಿದೆ. ಅದಾದ ಮೇಲೆಯೇ 11. ಕಾಗದ ಕೇಳಿಸಿಕೊಂಡ ಹಿರಿಯರಲ್ಲಿ ಬಹಳ ಜನ ಮರಳಿ ಊರು ನೋಡಿರಲಿಕ್ಕಿಲ್ಲ.

ಚಿತ್ರ ಕಳಿಸಿದವರ ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ವಚನಕ್ಕಿಂತ ಅದರ ಸುತ್ತ ಇರುವ ಕಾಗದವೇ ಗುಳೆ ಹೋಗುವವನಿಗೆ ಹೆಚ್ಚು ಉಪಯೋಗ. ಭಾವಮೈದನಿಗೆ ಫೋನಲ್ಲಿ ಇಡೀ ಅಧ್ಯಾಯ ಓದಿ ಹೇಳಿದೆ. ಅವನು ಕೇಳಿದ್ದು ಒಂದೇ: "ಮಾಮಾ, ಬೆಂಗಳೂರಿಗೋಸ್ಕರ ನಾನ್ಯಾಕೆ ಪ್ರಾರ್ಥನೆ ಮಾಡ್ಬೇಕು?" ಎಡ ಪುಟದ ಪ್ರಕಾರ ಸೆರೆಯವರೂ ಅದನ್ನೇ ಕೇಳಿರಬೇಕು. ಈಗ ಅವನು ಶೆಡ್ಡಿನ ಪಕ್ಕದ ಖಾಲಿ ಜಾಗದಲ್ಲಿ ಮೆಂತ್ಯ ಹಾಕಿದ್ದಾನಂತೆ. ಯೆರೆಮೀಯನಿಗಾಗಿಯೋ ಪಲ್ಯಕ್ಕಾಗಿಯೋ ನಾನು ಕೇಳಲಿಲ್ಲ.

ಆಗಸ್ಟ್

ಜುಲೈನಲ್ಲಿ ಡ್ಯಾಂ ತುಂಬಿತು. ಮಾವನವರು ಫೋನ್ ಮಾಡಿ 103ನೇ ಕೀರ್ತನೆ ಓದಿಸಿಕೊಂಡರು. 10ನೇ ತಾರೀಕು ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿ ಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಬರದ ವರ್ಷ ಕಳೆದು ಕೂಡಿದ ನೀರು ಕಣ್ಣೆದುರೇ ನದಿಗೆ ಹೋಗುತ್ತಿತ್ತು.

ಮರುದಿನ ಭಾನುವಾರ ಆಂಟಿಯ ದೇವಾಲಯದಲ್ಲಿ ಮೊದಲ ವಾಚನ 1 ಅರಸುಗಳು 19. ನಾನು ಮೇ ತಿಂಗಳಲ್ಲಿ ಬಿಟ್ಟ ಜಾಗದ ಮುಂದಿನ ಅಧ್ಯಾಯ! ಮಳೆ ಬಂದ ಮೇಲೂ ಎಲೀಯ ಅರಣ್ಯಕ್ಕೆ ಓಡುತ್ತಾನೆ. ಒಂದು ಕುರುಚಲು ಗಿಡದ ಕೆಳಗೆ ಕೂತು, ಸಾಕು, ಪ್ರಾಣ ತೆಗೆದುಬಿಡು ಎನ್ನುತ್ತಾನೆ. ನನ್ನ ಕಣ್ಣಿಗೆ ಅದು ಬಳ್ಳಾರಿ ಜಾಲಿಯಾಗಿಯೇ ಕಾಣುತ್ತದೆ. ದೇವದೂತ ಬೈಯುವುದಿಲ್ಲ, ಉಪದೇಶ ಮಾಡುವುದಿಲ್ಲ. ರೊಟ್ಟಿ, ನೀರು ಕೊಡುತ್ತಾನೆ. ಮಲಗಲು ಬಿಡುತ್ತಾನೆ. ಎಬ್ಬಿಸಿ ಮತ್ತೆ ರೊಟ್ಟಿ ಕೊಡುತ್ತಾನೆ. ದಾರಿ ದೂರ ಇದೆ ಎನ್ನುತ್ತಾನೆ. ಅವತ್ತು ಮಾವನವರಿಗೆ ಫೋನ್ ಮಾಡಿದಾಗ ವಚನ ಹೇಳುವ ಮೊದಲು ಊಟ ಆಯ್ತಾ ಎಂದು ಕೇಳಿದೆ. ಆಗಿರಲಿಲ್ಲ.

(19ನೇ ಗೇಟು, 19ನೇ ಅಧ್ಯಾಯ, ಕ್ಯಾಥೊಲಿಕ್ ಪಂಚಾಂಗದಲ್ಲೂ ಸಾಧಾರಣ ಕಾಲದ 19ನೇ ಭಾನುವಾರ ಅಂತ ಯಾರೋ ಲೆಕ್ಕ ಹಾಕಿ ಹೇಳಿದರು. ಇಂಥ ಲೆಕ್ಕ ನನಗೆ ಹಿಡಿಸಲ್ಲ. ಗೇಟು ಬಿದ್ದದ್ದು ಚೈನ್ ಕಡಿದಿದ್ದಕ್ಕೆ.)

ಆ ವಾರವೆಲ್ಲ ನೆಹೆಮೀಯ ಓದಿದೆ. ಮುಖ್ಯವಾಗಿ 3ನೇ ಅಧ್ಯಾಯ, ಎಲ್ಲರೂ ದಾಟಿ ಹೋಗುವ ಹೆಸರುಗಳ ಪಟ್ಟಿ. ಯೆರೂಸಲೇಮಿನ ಗೋಡೆಯಲ್ಲಿ ಯಾವ ಬಾಗಿಲನ್ನು ಯಾರು ಕಟ್ಟಿದರು ಎಂಬುದು. ಕುರಿ ಬಾಗಿಲು, ಮೀನು ಬಾಗಿಲು, ತಿಪ್ಪೆ ಬಾಗಿಲು. ಅಕ್ಕಸಾಲಿಗರು ಕಲ್ಲು ಹೊತ್ತರು. ಸುಗಂಧ ಮಾರುವವನೊಬ್ಬ ಹೊತ್ತ. ಶಲ್ಲೂಮನ ಹೆಣ್ಣುಮಕ್ಕಳು ಅಪ್ಪನ ಜೊತೆ ದುರಸ್ತಿಗೆ ನಿಂತರು. ತೆಕೋವದ ದೊಡ್ಡ ಮನುಷ್ಯರು ಮಾತ್ರ ಬೆನ್ನು ಬಗ್ಗಿಸಲಿಲ್ಲ, ಅದನ್ನೂ ಬರೆದಿಟ್ಟಿದ್ದಾರೆ. ಕೆಲವರು ತಮ್ಮ ತಮ್ಮ ಮನೆ ಎದುರಿನ ಭಾಗ ಕಟ್ಟಿದರು. 52 ದಿನಕ್ಕೆ ಗೋಡೆ ಮುಗಿಯಿತು.

ಟಿವಿಯಲ್ಲಿ ಡ್ಯಾಂ ಮೇಲೆ ಕ್ರೇನು, ಹಗ್ಗ, ಹೆಲ್ಮೆಟ್ ಹಾಕಿದ ಜನ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಎಲ್ಲರ ಬಾಯಲ್ಲಿ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ಉಕ್ಕಿನ ಅಡ್ಡಹಲಗೆ, ಇಳಿಸಿ ವಾರದೊಳಗೆ ನಿಲ್ಲಿಸಿದರು. ಆಮೇಲೆ ನೀರು ಮತ್ತೆ ಏರಿತು. ಗೇಟು ಕೂರಲಿ ಎಂದು ಮಾತ್ರ ಪ್ರಾರ್ಥಿಸುತ್ತಿದ್ದೆ. ನೆಹೆಮೀಯ 3 ಓದಿದ ಮೇಲೆ ಕ್ರೇನ್ ನಡೆಸುವವನ ಕೈಗಾಗಿ, ವೆಲ್ಡಿಂಗ್ ಮಾಡುವವನ ಕಣ್ಣಿಗಾಗಿ ಪ್ರಾರ್ಥಿಸಿದೆ. ನಾನೂ ಶಿಫ್ಟಿನಲ್ಲಿ ಕ್ರೇನ್ ಕೆಳಗೆ ಓಡಾಡುವವನೇ. ನಮ್ಮಂಥವರ ಹೆಸರು ಬೈಬಲ್ಲಿನಲ್ಲಿ ಒಂದು ಇಡೀ ಅಧ್ಯಾಯ ತುಂಬಿದೆ ಎಂದು ಈಗ ಗೊತ್ತಾಯಿತು. ಮರುದಿನದಿಂದ ಡ್ಯೂಟಿಗೆ ಮುಂಚೆ ನನ್ನ ಗ್ಯಾಂಗಿನವರನ್ನು ಹೆಸರು ಹಿಡಿದು ಪ್ರಾರ್ಥನೆಯಲ್ಲಿ ನೆನೆಯುತ್ತೇನೆ. ಅದರಲ್ಲಿ ನನಗೆ ಆಗದವನೊಬ್ಬ ಇದ್ದಾನೆ. ಅವನ ಹೆಸರು ಬಂದಾಗ ಇನ್ನೂ ಸ್ವಲ್ಪ ಬೇಗ ಮುಂದೆ ಹೋಗುತ್ತೇನೆ.

ನವೆಂಬರ್

ಸೆಪ್ಟೆಂಬರ್, ಅಕ್ಟೋಬರ್ ರೂತಳು ಮತ್ತು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಕಳೆದವು. ರೂತಳು ಸರಾಗವಾಗಿ ಹೋಯಿತು. ಕೊಯ್ಲಾದ ಹೊಲದಲ್ಲಿ ಹಕ್ಕಲು ಆಯುವವರನ್ನು ಕಂಡವರಿಗೆ ಆ ಕಥೆ ಹೇಳಿಕೊಡಬೇಕಿಲ್ಲ. ರೋಮಾಪುರದ್ದು ಕಷ್ಟ. 9ರಿಂದ 11ರವರೆಗಿನ ಎಡ ಪುಟಗಳು ಅರ್ಧ ಖಾಲಿ. ಅಲ್ಲಿಗೆ ವಾಪಸ್ ಹೋಗಬೇಕು.

ಡಿಸೆಂಬರ್ 1ಕ್ಕೆ ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗೆ ಸಿದ್ಧವಾಗುವ ಕಾಲ, ಶುರು. ಆಂಟಿಯ ಭಾನುವಾರಗಳು ಅವತ್ತು ಮಾರ್ಕನಿಂದ ಲೂಕನಿಗೆ ಬದಲಾಗುತ್ತವೆ. ಲೂಕನಲ್ಲಿ 24 ಅಧ್ಯಾಯ. ದಿನಕ್ಕೊಂದರಂತೆ ಕ್ರಿಸ್ಮಸ್ ಹಿಂದಿನ ರಾತ್ರಿಗೆ ಮುಗಿಯುತ್ತದೆ. ಈ ಸಲ ಎರಡೂ ಮನೆಯವರು ಒಟ್ಟಿಗೆ ಓದುತ್ತೇವೆ. ಅವ್ವನಿಗೆ ಕಣ್ಣು ಸರಿಯಾಗಿ ಕಾಣದ ಕಾರಣ ನಾನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಬೇಕು. ಅದನ್ನೇ ಸಿರುಗುಪ್ಪಕ್ಕೂ ಬೆಂಗಳೂರಿಗೂ ಕಳಿಸುತ್ತೇನೆ. ಮಾವನವರ ಷರತ್ತು ಒಂದೇ, ಐದು ನಿಮಿಷ ದಾಟಬಾರದು. ಲೂಕ 1ರಲ್ಲಿ 80 ವಚನ ಇವೆ. ಅದನ್ನು ಎರಡು ತುಂಡು ಮಾಡಿ ಕಳಿಸುತ್ತೇನೆ.